ಫಾರ್ಮ್ಯಾಟ್ ಹೊಡೆಯೋದಕ್ಕೆ ಮುಂಚೆ ಒಂದು ದಿನ

ಸೆಮಿಸ್ಟರ್ ಎಕ್ಸಾಮ್ ಮುಗಿಸಿ ಊರಿಗೆ ಹೋದ ಎರಡನೇ ದಿನಕ್ಕೇ ನಮ್ಮಲ್ಲಿ ಬಹಳ ಜನರ ಕಿವಿಗೆ ಈ ಮಾತು ಬಿದ್ದಿರುತ್ತೆ: “ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ನಮ್ಮ ಕಂಪ್ಯೂಟರ್ ಸ್ವಲ್ಪ ನೋಡೋ ಮಾರಾಯ, ಸಿಕ್ಕಾಪಟ್ಟೆ ಸ್ಲೋ ಆಗಿದೆ.” ನೀವು ಓದ್ತಿರೋದು ಸಿವಿಲ್ಲೋ ಮೆಕ್ಯಾನಿಕಲ್ಲೋ ಅನ್ನೋದು ಚಿಕ್ಕಪ್ಪನಿಗೆ ಮುಖ್ಯ ಅಲ್ಲ. ನಾವೂ ಹಿಂದೆ ಮುಂದೆ ನೋಡದೆ “ಒಂದು ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ ಬಿಡಿ” ಅಂದುಬಿಡ್ತೀವಿ. ಪೆನ್‌ಡ್ರೈವ್ ಹಾಕಿ, ನಾಲ್ಕು ಸಲ ನೆಕ್ಸ್ಟ್ ಒತ್ತಿ, ಒಂದು ಗಂಟೆಯಲ್ಲಿ ಹೊಸ ವಾಲ್‌ಪೇಪರ್ ಬಂದ ಕೂಡಲೇ ಮನೆಯವರಿಗೆಲ್ಲ ಖುಷಿ, ನಮಗೊಂದು ಲೋಟ ಕಾಫಿ.

ಆ ಒಂದು ಗಂಟೆಯ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರೋದು ಅದಕ್ಕೆ ಮುಂಚೆ ನಾವು ಕೊಡದೇ ಇರೋ ಒಂದು ದಿನದ ಬಗ್ಗೆ. ಕಂಪ್ಯೂಟರ್ ಯಾರದ್ದೋ ಅವರ ಪಕ್ಕ ಕೂತು ಅದರೊಳಗೆ ಏನೇನಿದೆ ಅಂತ ನೋಡೋದು, ಅದನ್ನ ಇನ್ನೊಂದು ಡಿಸ್ಕಿಗೆ ಹಾಕೋದು, ಹಾಕಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತಾ ಅಂತ ಪರೀಕ್ಷೆ ಮಾಡೋದು, ಇದಕ್ಕೆ ಒಂದು ಪೂರ್ತಿ ದಿನ ಬೇಕು. ಆ ದಿನ ಕೊಡೋಕೆ ಪುರುಸೊತ್ತಿಲ್ಲ ಅಂದ್ರೆ ಆ ಕಂಪ್ಯೂಟರನ್ನ ಮುಟ್ಟಲೇಬಾರದು ಅನ್ನೋದು ನಮ್ಮ ಅಭಿಪ್ರಾಯ. ಇದನ್ನ ನಾವು ಪುಸ್ತಕ ಓದಿ ಹೇಳ್ತಿಲ್ಲ. ಕೆಡಿಸಿ ಕಲಿತು ಹೇಳ್ತಿದ್ದೀವಿ.

ಎರಡನೇ ವರ್ಷದಲ್ಲಿದ್ದಾಗ ನಾವು ಮೂವರು ದೀಪಾವಳಿಗೆ ನಮ್ಮಲ್ಲೊಬ್ಬನ ಊರಿಗೆ ಹೋಗಿದ್ವಿ. ಮಲೆನಾಡಿನ ಹಳ್ಳಿ. ಅವನ ಮನೆಯ ಪಕ್ಕದಲ್ಲೇ ರಿಟೈರ್ ಆದ ಪ್ರೈಮರಿ ಸ್ಕೂಲ್ ಮೇಷ್ಟ್ರೊಬ್ಬರಿದ್ದಾರೆ, ಊರಿಗೆಲ್ಲ ಅವರು ಮೇಷ್ಟ್ರೇ, ನಮಗೂ ಮೇಷ್ಟ್ರೇ. ಆ ಕಡೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡ್ತಾ ಬರ್ತಾರೆ. ಮೇಷ್ಟ್ರು ಹಳೇ ಹಾಡುಗಾರರ ಜೊತೆ ಕೂತು, ಅವರು ಹೇಳಿದ ಪದಗಳನ್ನೆಲ್ಲ ನಾಲ್ಕೈದು ವರ್ಷದಿಂದ ನುಡಿಯಲ್ಲಿ ಟೈಪ್ ಮಾಡಿ ಇಟ್ಕೊಂಡಿದ್ರು. ಹತ್ತು ವರ್ಷಕ್ಕೂ ಹಳೇ ಡೆಸ್ಕ್‌ಟಾಪ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 7. ಆನ್ ಮಾಡಿ ಹಾಲು ಕರೆದು ಬಂದ್ರೂ ಸ್ಕ್ರೀನ್ ಮೇಲೆ ಇನ್ನೂ ಚಕ್ರ ತಿರುಗ್ತಿರುತ್ತೆ ಅಂತ ಅವರೇ ನಗಾಡ್ತಿದ್ರು.

“ಮೇಷ್ಟ್ರೇ, ಇಂಪಾರ್ಟೆಂಟ್ ಫೈಲ್ ಏನಾದ್ರೂ ಇದೆಯಾ?” ಅಂತ ಕೇಳಿದ್ವಿ. “ಎಲ್ಲಾ ಎದುರಿಗೇ ಇದೆ ನೋಡ್ರಪ್ಪ” ಅಂತ ಡೆಸ್ಕ್‌ಟಾಪ್ ತೋರಿಸಿದ್ರು. ‘ಪದಗಳು’, ‘ಹಸೆ ಹಾಡು’, ‘ಫೋಟೋ’ ಅಂತ ಏಳೆಂಟು ಐಕಾನ್ ಇದ್ದವು. ಅಷ್ಟನ್ನೂ ಪೆನ್‌ಡ್ರೈವಿಗೆ ಎಳೆದ್ವಿ. ಕಾಪಿ ಆಗೋಕೆ ಎರಡು ಸೆಕೆಂಡೂ ಆಗಲಿಲ್ಲ. ಅಲ್ಲೇ ನಮಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಿ, ಡಿಸ್ಕನ್ನ ಒಂದೇ ಮಾಡಿ, ವಿಂಡೋಸ್ 10 ಹಾಕಿದ್ವಿ. ಆಮೇಲೆ ಪೆನ್‌ಡ್ರೈವ್ ತೆಗೆದು ನೋಡಿದ್ರೆ ಆ ಐಕಾನ್‌ಗಳ ಮೂಲೆಯಲ್ಲೆಲ್ಲ ಒಂದೊಂದು ಪುಟ್ಟ ಬಾಣದ ಗುರುತು. ಅಷ್ಟೂ ಶಾರ್ಟ್‌ಕಟ್. ಒಂದೊಂದು ಒಂದೋ ಎರಡೋ ಕೆಬಿ. ನಿಜವಾದ ಫೋಲ್ಡರ್‌ಗಳು ಸಿ ಡ್ರೈವಿನಲ್ಲಿ ಎಲ್ಲೋ ಒಳಗಿದ್ದವು. ಈಗ ಅಲ್ಲಿ ಹೊಸ ವಿಂಡೋಸ್ ಕೂತಿತ್ತು.

ಅಲ್ಲಿಗೇ ಮುಗಿದಿದ್ರೆ ಒಂದು ತಪ್ಪು ಅನ್ನಬಹುದಿತ್ತು. ಅವತ್ತು ರಾತ್ರಿಯೇ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದ್ವಿ. ಅಳಿಸಿಹೋದ ಫೈಲುಗಳನ್ನ ಡಿಸ್ಕಿನಿಂದ ಹೆಕ್ಕಿ ತೆಗೆಯೋ ಪ್ರೋಗ್ರಾಂ ಅದು. ಫೈಲಿನ ಹೆಸರು ಸಿಗಲ್ಲ, ಬರೀ ನಂಬರ್ ಇರುತ್ತೆ. ನೂರಾರು ವರ್ಡ್ ಫೈಲ್ ಬಂದವು. ಹತ್ತು ತೆರೆದು ನೋಡಿದ್ವಿ. ಎಲ್ಲದರಲ್ಲೂ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಗೀಟು, ಅರ್ಥವಿಲ್ಲದ ಚಿಹ್ನೆ. “ಫೈಲ್ ಎಲ್ಲಾ ಕರಪ್ಟ್ ಆಗಿದೆ ಮೇಷ್ಟ್ರೇ” ಅಂದ್ವಿ. ಪೆನ್‌ಡ್ರೈವ್ ಖಾಲಿ ಮಾಡಿಕೊಂಡು ಹಾಸ್ಟೆಲ್ಲಿಗೆ ವಾಪಸ್ ಬಂದ್ವಿ.

ತಿಂಗಳಾದ ಮೇಲೆ ಇದೇ ಪತ್ರಿಕೆಗೆ ಒಂದು ಹಳೇ ಲೇಖನದ ಫೈಲ್ ಬಂತು. ತೆರೆದರೆ ಅದೇ ಗೀಟು, ಅದೇ ಚುಕ್ಕಿ. ಸೀನಿಯರ್ ಒಬ್ಬರು ನೋಡಿ, “ಇದು ಕರಪ್ಟ್ ಅಲ್ಲ ಕಣ್ರೋ, ನುಡಿ ಫಾಂಟ್ ಹಾಕಿಲ್ಲ ಅಷ್ಟೆ” ಅಂದ್ರು. ನಮ್ಮ ಎದೆ ಧಸಕ್ ಅಂತು. ಹಳೇ ನುಡಿ, ಹಳೇ ಬರಹದಲ್ಲಿ ಟೈಪ್ ಮಾಡಿದ ಬರವಣಿಗೆ ಯೂನಿಕೋಡ್ ಅಲ್ಲ. ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ‘ನುಡಿ 01 ಇ’ ಥರದ ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತೆ. ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲಿ ಆ ರೂಪ ಕಳಚಿ ಬೀಳುತ್ತೆ, ಅಷ್ಟೇ. ಕನ್ನಡ ಸಂಘದಲ್ಲಿದ್ದುಕೊಂಡೂ ನಮಗೆ ಅದು ಗೊತ್ತಿರಲಿಲ್ಲ. ಮತ್ತೆ ಊರಿಗೆ ಓಡಿದ್ವಿ. ಅಷ್ಟರಲ್ಲಿ ಮೇಷ್ಟ್ರು ಒಂದು ತಿಂಗಳು ಆ ಕಂಪ್ಯೂಟರ್ ಬಳಸಿದ್ರು, ವಿಂಡೋಸ್ ತನ್ನ ಪಾಡಿಗೆ ಜಿಬಿಗಟ್ಟಲೆ ಅಪ್‌ಡೇಟ್ ಇಳಿಸಿಕೊಂಡಿತ್ತು, ಅವೆಲ್ಲ ಹಳೇ ಫೈಲುಗಳ ಜಾಗದ ಮೇಲೇ ಕೂತಿದ್ದವು. ಎರಡನೇ ಸಲ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸಿಗದೇ ಇದ್ದದ್ದರಲ್ಲಿ ಕೆಲವು ಪದ ಹೇಳಿಕೊಟ್ಟಿದ್ದ ಅಜ್ಜ ಹಿಂದಿನ ವರ್ಷವೇ ತೀರಿಕೊಂಡಿದ್ರು. “ಹೋಗ್ಲಿ ಬಿಡ್ರಪ್ಪ, ನೀವೇನು ಬೇಕಂತ ಮಾಡಿದ್ದಾ” ಅಂದ್ರು ಮೇಷ್ಟ್ರು. ಬೈದಿದ್ರೆ ಚೆನ್ನಾಗಿತ್ತು.

ಅವತ್ತಿಂದ ನಮಗೆ ಒಂದು ವಿಷಯ ಸ್ಪಷ್ಟವಾಗಿದೆ. “ಇಂಪಾರ್ಟೆಂಟ್ ಏನಾದ್ರೂ ಇದೆಯಾ?” ಅನ್ನೋದು ಕೇಳಬಾರದ ಪ್ರಶ್ನೆ. ಮನೆಯವರಿಗೆ ತಮ್ಮ ಫೈಲ್ ಯಾವ ಫೋಲ್ಡರಿನಲ್ಲಿದೆ ಅನ್ನೋದು ಗೊತ್ತಿರಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಅವರಿಗೆ ಗೊತ್ತಿರೋದು ತಾವು ಕಂಪ್ಯೂಟರಿನಲ್ಲಿ ಏನು ಮಾಡ್ತೀವಿ ಅನ್ನೋದು. ಆದ್ದರಿಂದ ಕೇಳಬೇಕಾದ್ದು: “ದಿನಾ ಇದರಲ್ಲಿ ಏನೇನು ಮಾಡ್ತೀರ? ಒಂದ್ಸಲ ಮಾಡಿ ತೋರಿಸಿ.” ಅಪ್ಪ ಟ್ಯಾಲಿ ತೆರೀತಾರಾ? ಅದರ ಲೆಕ್ಕದ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರಲ್ಲ. ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲೋ ಟ್ಯಾಲಿ ಇನ್‌ಸ್ಟಾಲ್ ಆದ ಕಡೆಯೋ ಇರುತ್ತೆ. ಟ್ಯಾಲಿಯೊಳಗೇ ಅದರ ದಾರಿ ತೋರಿಸುತ್ತೆ, ನೋಡಿಕೊಳ್ಳಿ. ಲೈಸೆನ್ಸ್ ಇದ್ದರೆ ಫಾರ್ಮ್ಯಾಟಿಗೆ ಮುಂಚೆ ಅದನ್ನ ಸರೆಂಡರ್ ಮಾಡಬೇಕು. ಅಕ್ಕ ಬ್ಯಾಂಕಿನ ಪಾಸ್‌ವರ್ಡ್‌ಗಳನ್ನ ಕ್ರೋಮ್‌ನಲ್ಲೇ ಸೇವ್ ಮಾಡಿದಾಳಾ? ಗೂಗಲ್ ಅಕೌಂಟಿಗೆ ಸಿಂಕ್ ಆಗಿದೆಯಾ, ಇಲ್ಲ ಆ ಕಂಪ್ಯೂಟರಿನಲ್ಲಿ ಮಾತ್ರ ಇದೆಯಾ? ಇಮೇಲ್ ಔಟ್‌ಲುಕ್ಕಿನಲ್ಲಿ ಇಳಿಸಿಕೊಳ್ತಾರಾ? ಪ್ರಿಂಟರ್ ಯಾವುದು, ಅದರ ಡ್ರೈವರ್ ಈಗಲೂ ಸಿಗುತ್ತಾ? ಮಾವನ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿಗೆ ಬೇರೆ ಸಾಫ್ಟ್‌ವೇರ್ ಬೇಕಾ? ನುಡಿಯ ಯಾವ ಆವೃತ್ತಿ, ಯಾವ ಫಾಂಟ್? ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇದೆ, ಅಲ್ಲಿರೋ ಕನ್ನಡ ಫಾಂಟುಗಳನ್ನ ಮೊದಲು ಕಾಪಿ ಮಾಡಿಕೊಳ್ಳಿ. ಸಾಧ್ಯ ಆದ್ರೆ ಹಳೇ ಬರವಣಿಗೆಯನ್ನ ಅದೇ ಸಮಯದಲ್ಲಿ ಯೂನಿಕೋಡಿಗೆ ಬದಲಿಸಿ ಇನ್ನೊಂದು ಪ್ರತಿ ಇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರದಲ್ಲಿ ತಪ್ಪಾಗುತ್ತೆ, ಒಂದ್ಸಲ ಓದಿ ತಿದ್ದಬೇಕು, ಆದರೂ ಮಾಡಿ.

ನಮ್ಮ ಲ್ಯಾಪ್‌ಟಾಪುಗಳೇನು ಕಡಿಮೆಯಿಲ್ಲ. ಡಬ್ಲ್ಯುಎಸ್‌ಎಲ್ ಒಳಗೆ ಪ್ರಾಜೆಕ್ಟ್ ಮಾಡೋ ಕಂಪ್ಯೂಟರ್ ಸೈನ್ಸಿನವರು ಕೇಳಿ: ನಿಮ್ಮ ಇಡೀ ಉಬುಂಟು ಇರೋದು ಆಪ್‌ಡೇಟಾ ಅನ್ನೋ ಅಡಗಿಸಿಟ್ಟ ಫೋಲ್ಡರಿನ ಆಳದಲ್ಲಿ, ಒಂದೇ ಒಂದು ದೊಡ್ಡ ವರ್ಚುವಲ್ ಡಿಸ್ಕ್ ಫೈಲಾಗಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಕಾಪಿ ಮಾಡಿದ್ರೆ ಅದು ಬರಲ್ಲ. ಎಕ್ಸ್‌ಪೋರ್ಟ್ ಕಮ್ಯಾಂಡ್ ಕೊಟ್ಟು ತೆಗೀಬೇಕು. ಗಿಟ್‌ನಲ್ಲಿ ಕಮಿಟ್ ಮಾಡಿ ಪುಶ್ ಮಾಡದೇ ಬಿಟ್ಟ ಕೋಡ್ ಇದೆಯಾ ನೋಡಿ. ಎಸ್‌ಎಸ್‌ಎಚ್ ಕೀ ಇರೋ ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರುವಾಗುತ್ತೆ, ಕಣ್ಣು ತಪ್ಪುತ್ತೆ.

ಇನ್ನು ನಮ್ಮ ಕ್ಯಾಂಪಸ್ಸಿನ ಅತಿ ದೊಡ್ಡ ಮೂಢನಂಬಿಕೆಗೆ ಬರೋಣ: “ಡಿ ಡ್ರೈವಿಗೆ ಹಾಕಿದ್ದೀನಿ ಬಿಡು, ಸೇಫ್.” ಬಹಳಷ್ಟು ಮನೆ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಎರಡು ಡಿಸ್ಕ್ ಅಲ್ಲ, ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತೆ. ಕೆಡದಿದ್ರೂ ಇನ್‌ಸ್ಟಾಲ್ ಮಾಡುವಾಗ ಬರೋ ಪಾರ್ಟಿಷನ್ ಪರದೆಯಲ್ಲಿ ಸಿ, ಡಿ ಅಂತ ಬರೆದಿರಲ್ಲ. ಡಿಸ್ಕ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಇರುತ್ತೆ, ಪಕ್ಕದಲ್ಲಿ ಅಳತೆ. 100 ಎಂಬಿಯ ಇಎಫ್‌ಐ, 16 ಎಂಬಿಯ ಇನ್ನೊಂದು, ಕೊನೆಗೊಂದು ರಿಕವರಿ. 1 ಟಿಬಿ ಅಂತ ಕೊಂಡಿದ್ದು ಅಲ್ಲಿ 931 ಜಿಬಿ ಅಂತ ಕಾಣುತ್ತೆ, ಯಾಕಂದ್ರೆ ಕಂಪನಿ 1000ದ ಲೆಕ್ಕದಲ್ಲಿ ಎಣಿಸಿದ್ದನ್ನ ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ಈ ಪರದೆ ಮುಂದೆ ಕೂತ ಹೊಸಬನಿಗೆ ಯಾವುದು ತನ್ನ ಡಿ ಅಂತ ಹೇಗೆ ಗೊತ್ತಾಗಬೇಕು? ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚೇ ಇದ್ದರೆ ಅದೂ ಇದೇ ಪಟ್ಟಿಯಲ್ಲಿ ಡಿಸ್ಕ್ 1 ಆಗಿ ಕೂತಿರುತ್ತೆ. ಬ್ಯಾಕಪ್ ತೆಗೆದ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದವರನ್ನ ಹಾಸ್ಟೆಲ್ಲಿನಲ್ಲೇ ನೋಡಿದ್ದೀವಿ. ಬ್ಯಾಕಪ್ ಮುಗಿದ ಮೇಲೆ ಆ ಡಿಸ್ಕನ್ನ ಬಿಚ್ಚಿ ಇನ್ನೊಂದು ರೂಮಿನಲ್ಲಿಟ್ಟು ಬನ್ನಿ.

ಎಸ್‌ಎಸ್‌ಡಿ ಬಂದ ಮೇಲಂತೂ ತಪ್ಪಿಗೆ ಕ್ಷಮೆ ಇನ್ನೂ ಕಡಿಮೆಯಾಗಿದೆ. ಮೇಷ್ಟ್ರ ಹಳೇ ಹಾರ್ಡ್‌ಡಿಸ್ಕಿನಲ್ಲಿ ಅರ್ಧವಾದ್ರೂ ವಾಪಸ್ ಸಿಕ್ಕಿದ್ದು, ಅಲ್ಲಿ ಮೇಲೆ ಹೊಸದು ಬರೆಯೋವರೆಗೆ ಹಳೇದು ಅಲ್ಲೇ ಇರುತ್ತೆ ಅನ್ನೋ ಕಾರಣಕ್ಕೆ. ಎಸ್‌ಎಸ್‌ಡಿಗೆ ಟ್ರಿಮ್ ಅನ್ನೋ ವ್ಯವಸ್ಥೆ ಇದೆ. ಈ ಜಾಗ ಖಾಲಿ ಅಂತ ಓಎಸ್ ತಿಳಿಸಿದ ಮೇಲೆ ಎಸ್‌ಎಸ್‌ಡಿ ಅದನ್ನ ತಾನೇ ಒಳಗಿಂದ ಅಳಿಸಿಹಾಕುತ್ತೆ. ಅಲ್ಲಿಂದ ಫೋಟೋರೆಕ್ ಆಗಲಿ ಮತ್ತೊಂದಾಗಲಿ ಹೆಕ್ಕೋಕೆ ಹೆಚ್ಚಿನ ಸಲ ಏನೂ ಉಳಿದಿರಲ್ಲ.

ಕಾಪಿ ಮಾಡಿದ್ದನ್ನ ತೆರೆದು ನೋಡೋದು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ನಮಗೆ ಇಷ್ಟವಾದ ಒಂದು ನಿಜವಾದ ಪ್ರಸಂಗ ಇದೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಟಾಯ್ ಸ್ಟೋರಿ 2 ಸಿನಿಮಾದ ಕೆಲಸ ನಡೀತಿದ್ದಾಗ ಯಾರೋ ತಪ್ಪು ಜಾಗದಲ್ಲಿ ಡಿಲೀಟ್ ಕಮ್ಯಾಂಡ್ ಕೊಟ್ಟು ಸಿನಿಮಾದ ಫೈಲುಗಳು ಒಂದೊಂದಾಗಿ ಮಾಯವಾದವು. ಬ್ಯಾಕಪ್ ಇದೆಯಲ್ಲ ಅಂತ ನೋಡಿದ್ರೆ ಅದು ಸರಿಯಾಗಿ ಆಗಿರಲೇ ಇಲ್ಲ, ಯಾರೂ ಪರೀಕ್ಷೆ ಮಾಡಿರಲಿಲ್ಲ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಅನ್ನೋ ತಂತ್ರಜ್ಞೆಯ ಮನೆಯಲ್ಲಿದ್ದ ಕಂಪ್ಯೂಟರ್. ಮಗು ಹುಟ್ಟಿದ ಮೇಲೆ ಮನೆಯಿಂದಲೇ ಕೆಲಸ ಮಾಡೋಕೆ ಅಂತ ಅವರು ಒಂದು ಪ್ರತಿ ಇಟ್ಟುಕೊಂಡಿದ್ರು. ಅಂಥ ಸ್ಟುಡಿಯೋಗೇ ಹಾಗಾದ್ರೆ ನಮ್ಮ ಪೆನ್‌ಡ್ರೈವ್ ಯಾವ ಲೆಕ್ಕ? ಕಾಪಿ ಆದ ಫೋಲ್ಡರಿನ ಅಳತೆ ಮೂಲದ ಅಳತೆಗೆ ಹೊಂದುತ್ತಾ ನೋಡಿ. ಬೇರೆ ಕಂಪ್ಯೂಟರಿಗೆ ಹಾಕಿ, ಹತ್ತಿಪ್ಪತ್ತು ಫೈಲನ್ನ ಅಲ್ಲಿ ಇಲ್ಲಿ ಆರಿಸಿ ತೆರೆದು ನೋಡಿ. ಒನ್‌ಡ್ರೈವ್ ಆನ್ ಇದ್ದರೆ ಇನ್ನೂ ಹುಷಾರು. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಅದು ಕಂಪ್ಯೂಟರಿನಲ್ಲಿಲ್ಲ, ಇಂಟರ್ನೆಟ್ಟಿನಲ್ಲಿದೆ ಅಂತ ಅರ್ಥ, ಮತ್ತೆ ಆ ಅಕೌಂಟಿನ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ನೆನಪಿರಲ್ಲ. ಲಾಗಿನ್ ಆಗಿ ನೋಡದೆ ಮುಂದೆ ಹೋಗಬೇಡಿ.

ಅಂದಹಾಗೆ, ಫಾರ್ಮ್ಯಾಟ್ ಬೇಕೇ ಬೇಕಾ? ಸ್ಲೋ ಅನ್ನೋ ದೂರಿಗೆ ಬಹಳ ಸಲ ಮದ್ದು ಬೇರೆ ಇರುತ್ತೆ. ಟಾಸ್ಕ್ ಮ್ಯಾನೇಜರ್ ತೆರೆದು ಆನ್ ಆದ ಕೂಡಲೇ ತಾನಾಗಿ ಓಡೋ ಪ್ರೋಗ್ರಾಂಗಳನ್ನ ನಿಲ್ಲಿಸಿ. ಸಿ ಡ್ರೈವ್ ತುಂಬಿ ಕೆಂಪಾಗಿದ್ರೆ ಖಾಲಿ ಮಾಡಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಸದ್ದು ಮಾಡ್ತಿದ್ರೆ ಅದು ಸಾಯ್ತಾ ಇದೆ. ಆಗ ಫಾರ್ಮ್ಯಾಟ್ ಮಾತೆತ್ತದೆ ಮೊದಲು ಫೈಲ್ ಹೊರಗೆ ತೆಗೀರಿ. ಹಾರ್ಡ್‌ಡಿಸ್ಕ್ ಇರೋ ಹಳೇ ಕಂಪ್ಯೂಟರ್ ಆದ್ರೆ ಹೊಸಬರಿಗೆ ನಾವು ಹೇಳೋ ದಾರಿ ಒಂದೇ. ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ ಕೊಂಡು, ಹಳೇ ಡಿಸ್ಕನ್ನ ಬಿಚ್ಚಿ ಬೀರುವಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ಓಎಸ್ ಹಾಕಿ. ಕಂಪ್ಯೂಟರ್ ಚುರುಕಾಗುತ್ತೆ, ನೀವು ಏನೇ ತಪ್ಪು ಒತ್ತಿದ್ರೂ ಹಳೇದು ಬೀರುವಿನಲ್ಲಿ ಹಾಗೇ ಇರುತ್ತೆ. ಮೇಷ್ಟ್ರ ಮನೆಯಲ್ಲಿ ನಾವು ಮಾಡಬೇಕಿದ್ದದ್ದು ಇದೇ. ಅವತ್ತು ನಮ್ಮ ಮೂವರ ಬಸ್ ಚಾರ್ಜು, ಹೋಟೆಲ್ ಖರ್ಚು ಸೇರಿಸಿದ್ರೆ ಹೆಚ್ಚುಕಡಿಮೆ ಅಷ್ಟೇ ಆಗ್ತಿತ್ತು.

ಈ ವರ್ಷ ಈ ಮಾತು ಎತ್ತೋಕೆ ಇನ್ನೊಂದು ಕಾರಣ ಇದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿದ್ರೆ ಅದರಾಚೆಗೆ ಒಂದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡೋ ವ್ಯವಸ್ಥೆಯೂ ಮಾಡಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಬೇಕು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದ್ರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್. ಕಾಲ ಹಾಕಿಕೊಂಡು ಬಂದ ಮನೆ ಕಂಪ್ಯೂಟರುಗಳು ಇದರಲ್ಲಿ ಫೇಲ್. ಹಾಗಾಗಿ ಈ ರಜೆಯಲ್ಲಿ “ಹೊಸ ವಿಂಡೋಸ್ ಹಾಕ್ಕೊಡು” ಅನ್ನೋ ಕರೆ ಜಾಸ್ತಿಯೇ ಬರುತ್ತೆ.

ಬಂದರೆ, ಬ್ಯಾಕಪ್ ದಿನ ಮುಗಿಸಿದ ಮೇಲೆ, ಮೊದಲು ಪೆನ್‌ಡ್ರೈವ್ ಮುಟ್ಟಬೇಡಿ. ವಿಂಡೋಸ್ 10, 11ರ ಸೆಟ್ಟಿಂಗ್ಸ್ ಒಳಗೇ ರೀಸೆಟ್ ದಿಸ್ ಪಿಸಿ ಇದೆ. ಅದರಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದ್ರೆ ನಿಮ್ಮ ಯೂಸರ್ ಫೋಲ್ಡರಿನ ಫೈಲ್ ಉಳಿದು, ಸಾಫ್ಟ್‌ವೇರ್ ಹೋಗಿ, ವಿಂಡೋಸ್ ಹೊಸದಾಗುತ್ತೆ. ಡ್ರೈವರ್ ಹುಡುಕೋ ಕಷ್ಟ ಕಡಿಮೆ, ಪಾರ್ಟಿಷನ್ ಪರದೆ ಬರೋದೇ ಇಲ್ಲ. ಹೊಸಬರಿಗೆ ಇದೇ ಸಾಕು. ಕ್ಲೀನ್ ಇನ್‌ಸ್ಟಾಲ್ ಮಾಡದಿದ್ರೆ ಗಂಡಸುತನಕ್ಕೇ ಕುಂದು ಅನ್ನೋ ಥರ ಮಾತಾಡೋ ಸೀನಿಯರುಗಳ ಮಾತು ಕೇಳಬೇಡಿ. ಆದರೆ ಕೀಪ್ ಮೈ ಫೈಲ್ಸ್ ಅಂತ ಇದೆಯಲ್ಲ, ಬ್ಯಾಕಪ್ ಬೇಡ ಅಂದುಕೊಂಡ್ರೆ ಕೆಟ್ಟಿರಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ಆ ಭರವಸೆಗೆ ಅರ್ಥ ಇಲ್ಲ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿಟ್ಟೇ ಮಾಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದ್ರೆ ಗುಡುಗು ಮಳೆಯ ಸಂಜೆ ಬೇಡ, ಬೆಳಿಗ್ಗೆ ಮಾಡಿ.

ರೀಸೆಟ್ ಆಗದೇ ಕ್ಲೀನ್ ಇನ್‌ಸ್ಟಾಲೇ ಬೇಕಾಯ್ತು ಅನ್ನಿ. ಮೈಕ್ರೋಸಾಫ್ಟಿನ ಸ್ವಂತ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಮಾಡಿಕೊಳ್ಳಿ. ಆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ, ಹಾಗಾಗಿ ಬ್ಯಾಕಪ್ ತೆಗೆದದ್ದೇ ಅದರಲ್ಲಾದ್ರೆ ಕಥೆ ಮುಗೀತು. ಹೊಸ ಲ್ಯಾಪ್‌ಟಾಪ್ ಆದ್ರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರೋ ಸಾಧ್ಯತೆ ಜಾಸ್ತಿ. ನಿಮಗೆ ಗೊತ್ತಿಲ್ಲದೇ ಅದು ಆನ್ ಆಗಿರುತ್ತೆ. ಬಯೋಸಿನಲ್ಲಿ ಏನಾದ್ರೂ ಬದಲಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲಿ ಇರುತ್ತೆ. ಮೊದಲೇ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಬೇಡ. ಇಂಟೆಲ್ 11ನೇ ತಲೆಮಾರಿನ ಆಚೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಇನ್‌ಸ್ಟಾಲರಿಗೆ ಡಿಸ್ಕೇ ಕಾಣಲ್ಲ. ಡಿಸ್ಕ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ಸ್ಟೋರೇಜ್ ಡ್ರೈವರ್ ಇಳಿಸಿ ಅದೇ ಪೆನ್‌ಡ್ರೈವಿಗೆ ಹಾಕಿಕೊಂಡು ಲೋಡ್ ಡ್ರೈವರ್ ಒತ್ತಿ. ವೈಫೈ ಡ್ರೈವರೂ ಜೊತೆಗಿರಲಿ. ಅದೂ ಕೈಕೊಟ್ರೆ ಫೋನನ್ನ ಕೇಬಲ್ಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಹೆಚ್ಚಿನ ಸಲ ನೆಟ್ ಬರುತ್ತೆ.

ಪ್ರಾಡಕ್ಟ್ ಕೀ ಕೇಳಿದಾಗ ಬಹಳ ಜನ ಎಡವೋದು. ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪಿಗೆ ಲೈಸೆನ್ಸ್ ಆ ಹಾರ್ಡ್‌ವೇರಿಗೇ ಅಂಟಿಕೊಂಡಿರುತ್ತೆ. ಕೀ ಇಲ್ಲ ಅಂತ ಮುಂದೆ ಹೋದ್ರೂ ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ, ಅದೇ ಎಡಿಷನ್ ಹಾಕಿದ್ರೆ ಮಾತ್ರ. ನಮ್ಮಲ್ಲಿ ಮಾರೋ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರೋದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಆಸೆಗೆ ಪ್ರೋ ಹಾಕಿ, ಆಕ್ಟಿವೇಟ್ ಆಗಲಿಲ್ಲ ಅಂತ ಕ್ರ್ಯಾಕ್ ಹುಡುಕೋಕೆ ಹೋಗ್ತಾರೆ. ಆ ಆಕ್ಟಿವೇಟರ್ ಓಡಿಸೋಕೆ ಆಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿರುತ್ತೆ. ಅಪ್ಪ ನೆಟ್ ಬ್ಯಾಂಕಿಂಗ್ ಮಾಡೋ ಕಂಪ್ಯೂಟರಿನಲ್ಲಿ, ಯಾರು ಬರೆದದ್ದು ಅಂತಲೇ ಗೊತ್ತಿಲ್ಲದ ಪ್ರೋಗ್ರಾಮಿಗೆ ಅಡ್ಮಿನ್ ಅನುಮತಿ ಕೊಡ್ತಿದ್ದೀವಿ ಅನ್ನೋದು ಆ ಗಳಿಗೆಯಲ್ಲಿ ನಮಗೆ ಹೊಳೆಯಲ್ಲ. ಅಂಗಡಿಗೆ ಕೊಟ್ಟು ಹಾಕಿಸಿದ್ರೂ ಬಿಲ್ಲಿನಲ್ಲಿ ಯಾವ ವಿಂಡೋಸ್, ಲೈಸೆನ್ಸ್ ಇದೆಯಾ ಅಂತ ಕೇಳಿ ಬರೆಸಿಕೊಳ್ಳಿ. ಕೇಳಿದ ಕೂಡಲೇ ಅಂಗಡಿಯವರ ಮುಖ ನೋಡಿದ್ರೆ ಅರ್ಧ ಉತ್ತರ ಗೊತ್ತಾಗುತ್ತೆ.

“ಅದೆಲ್ಲ ರಗಳೆ ಯಾಕೆ, ಲಿನಕ್ಸ್ ಹಾಕಿ” ಅನ್ನೋ ಗೆಳೆಯರ ಬಗ್ಗೆ ನಮಗೆ ಗೌರವ ಇದೆ. ನಮ್ಮಲ್ಲೊಬ್ಬ ಅದೇ ಪಂಗಡ. ವಿಂಡೋಸ್ 11 ಒಲ್ಲದ ಕಂಪ್ಯೂಟರಿಗೆ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ ಒಳ್ಳೇ ದಾರಿಯೇ. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಪ್ರಿಂಟರ್, ಸೌಂಡ್ ಕೆಲಸ ಮಾಡುತ್ತಾ ಅಂತ ಡಿಸ್ಕ್ ಮುಟ್ಟದೇ ನೋಡಬಹುದು, ಈ ಸೌಲಭ್ಯ ವಿಂಡೋಸಿನ ಇನ್‌ಸ್ಟಾಲರಿನಲ್ಲಿ ಇಲ್ಲ. ಕನ್ನಡ ಟೈಪಿಂಗಿಗೆ ಕೆಜಿಪಿ ವಿನ್ಯಾಸವೂ ಅಲ್ಲಿ ಸಿಗುತ್ತೆ. ಆದರೆ ಅಪ್ಪನ ಟ್ಯಾಲಿ, ಮೇಷ್ಟ್ರ ಹಳೇ ನುಡಿ ಅಲ್ಲಿ ಹಾಗೇ ನೇರವಾಗಿ ಓಡಲ್ಲ. ನಿಮ್ಮ ಸಿದ್ಧಾಂತವನ್ನ ನಿಮ್ಮ ಲ್ಯಾಪ್‌ಟಾಪಿನ ಮೇಲೆ ಪ್ರಯೋಗಿಸಿ, ಅಮ್ಮನ ಕಂಪ್ಯೂಟರಿನ ಮೇಲೆ ಅಮ್ಮನನ್ನ ಕೇಳಿ ಹಾಕಿ.

ನಮ್ಮ ಸಿಲಬಸ್ಸಿನ ಬಗ್ಗೆಯೂ ಒಂದು ಮಾತು. ಆಪರೇಟಿಂಗ್ ಸಿಸ್ಟಮ್ ಅನ್ನೋ ಪೇಪರಿನಲ್ಲಿ ಡೆಡ್‌ಲಾಕ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್ ಎಲ್ಲ ಬರೆದು ಪಾಸಾಗಿದ್ದೀವಿ. ಒಂದು ಓಎಸ್ಸನ್ನ ಒಂದು ಕಂಪ್ಯೂಟರಿನ ಮೇಲೆ ಹಾಕೋದನ್ನ, ಅದಕ್ಕೂ ಮುಂಚೆ ಬ್ಯಾಕಪ್ ತೆಗೆದು ವಾಪಸ್ ಹಾಕಿ ತೋರಿಸೋದನ್ನ ಯಾವ ಲ್ಯಾಬಿನಲ್ಲೂ ನಮ್ಮ ಕೈಲಿ ಮಾಡಿಸಲಿಲ್ಲ. ಸಿದ್ಧಾಂತ ಬೇಡ ಅಂತ ನಾವು ಹೇಳ್ತಿಲ್ಲ. ಒಂದು ಲ್ಯಾಬ್ ಅವಧಿ, ಒಂದು ಗುಜರಿ ಕಂಪ್ಯೂಟರ್ ಸಾಕಿತ್ತು. ವರ್ಚುವಲ್‌ಬಾಕ್ಸ್ ಹಾಕಿಕೊಂಡರೆ ಗುಜರಿಯೂ ಬೇಡ. ಪಾರ್ಟಿಷನ್ ಪರದೆಯನ್ನ ಹತ್ತು ಸಲ ತಪ್ಪು ಮಾಡಿ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಮೊದಲ ಸಲ ಓಎಸ್ ಹಾಕೋದು ಅಲ್ಲಿ ಆಗಲಿ, ಚಿಕ್ಕಪ್ಪನ ಮನೆಯಲ್ಲಿ ಬೇಡ.

ಲ್ಯಾಬಿನಲ್ಲಿ ಆಗೋವರೆಗೆ ನಮ್ಮ ಕೈಲಾದ್ದು ಮಾಡೋಣ ಅಂತ ನಾವು ಮೂವರು ದುಡ್ಡು ಹಾಕಿ 1 ಟಿಬಿಯ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಂದು ಕನ್ನಡ ಸಂಘದ ಕೋಣೆಯಲ್ಲಿ ಇಟ್ಟಿದ್ದೀವಿ. ರಜೆಗೆ ಊರಿಗೆ ಹೋಗೋರು, ಮನೆ ಕಂಪ್ಯೂಟರಿಗೆ ಕೈ ಹಾಕೋರು ಯಾರು ಬೇಕಾದ್ರೂ ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋಗಬಹುದು. ಡಿಸ್ಕಿನ ಜೊತೆ ಒಂದು ಹಾಳೆ ಇರುತ್ತೆ, ಮನೆಯವರ ಹತ್ರ ಕೇಳಬೇಕಾದ ಪ್ರಶ್ನೆಗಳದ್ದು. ಅದನ್ನ ತುಂಬಿಸಿ, ಕಂಪ್ಯೂಟರ್ ಯಾರದ್ದೋ ಅವರ ಸಹಿ ಹಾಕಿಸಿಕೊಂಡು ಬನ್ನಿ. ವಾಪಸ್ ಕೊಡೋ ಮುಂಚೆ ಬ್ಯಾಕಪ್ಪನ್ನ ಮನೆಯವರ ಇನ್ನೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ದಾಟಿಸಿ, ನಮ್ಮದರಲ್ಲಿ ಇದ್ದದ್ದನ್ನ ಅಳಿಸಿ ಕೊಡಿ. ಮೊದಲ ಹೆಸರು ಆಗಲೇ ಬರೆದಾಗಿದೆ, ನಮ್ಮದೇ. ಬರೋ ಶನಿವಾರ ಅದು ಮೇಷ್ಟ್ರ ಮನೆಗೆ ಹೋಗ್ತಿದೆ, ಉಳಿದ ಪದಗಳನ್ನ ಯೂನಿಕೋಡಿಗೆ ಬದಲಿಸೋ ಕೆಲಸ ಇನ್ನೂ ಬಾಕಿ ಇದೆ. ಸೋಮವಾರದಿಂದ ಡಿಸ್ಕ್ ಕೋಣೆಯಲ್ಲಿರುತ್ತೆ.